ಭಾನುವಾರ ಬರಬೇಡ

ಕಾರ್ಕಳ
18 ಅಕ್ಟೋಬರ್ 1984, ಗುರುವಾರ

ಪ್ರೀತಿಯ ರಮಾಮಣಿ,

ಕುಶಲ ಕೇಳುವ ಮೊದಲೇ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಜಾರಿಹೋಗುತ್ತದೆ. ಇನ್ನು ಮೇಲೆ ಭಾನುವಾರ ನಮ್ಮಲ್ಲಿಗೆ ಬರಬೇಡ.

ಇವರ ಬೆನ್ನುಹುರಿಯ ಗಡ್ಡೆಯನ್ನು ನೀನು ತೆಗೆದು ಎರಡು ತಿಂಗಳಾಗುತ್ತಾ ಬಂತು. ಗೋಡೆ ಹಿಡಿಯದೆ ಜಗಲಿಯವರೆಗೆ ನಡೆಯುತ್ತಾರೆ. ಉಳಿದದ್ದಕ್ಕೆ ನಾನು ಸಾಕು, ನಾನೂ ಡಾಕ್ಟರೇ ಅಲ್ಲವೇ? ಮಣಿಪಾಲದಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬರುವ ಕಷ್ಟ ನಿನಗೇಕೆ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ನನಗೆ ಹೊಟ್ಟೆಕಿಚ್ಚು.

ವಾರವಿಡೀ ಗಡ್ಡ ಬಿಟ್ಟುಕೊಂಡು ಮಲಗುವ ಮನುಷ್ಯ ಭಾನುವಾರ ಬೆಳಿಗ್ಗೆ ಬಿಸಿನೀರು ಕೇಳುತ್ತಾರೆ. ರಮಾಮಣಿ ಬರುವ ಹೊತ್ತಾಯ್ತಲ್ವಾ, ಬ್ಲೇಡ್ ಎಲ್ಲಿ ಉಂಟು ಮಾರಾಯ್ತಿ, ಅಂತ. ಆಪರೇಷನ್ ಆದಮೇಲೆ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ಎಂದು ನಾನು ದಿನವೂ ಅಂಗಲಾಚಿದೆ. ಅಲ್ಲಾಡಲಿಲ್ಲ. ನೀನು ರೌಂಡ್ಸಿಗೆ ಬಂದು, ಎಂತ ಭುಜಂಗಣ್ಣ, ಬೆರಳಿಗೂ ರಜೆಯಾ, ಅಂದೆ. ಅಲ್ಲಾಡಿತು. ವಾರ್ಡಿನವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತೆ. ನನ್ನ ಕೆಂಪು ಕಣ್ಣು ನೋಡಿ, ಸಂತೋಷಕ್ಕೆ ಎಂದು ನೀನು ತಿಳಿದೆ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಅನಾಟಮಿಯಲ್ಲಿ ನನಗೇ ಹೆಚ್ಚು ಅಂಕ. ನಾನು ಮದುವೆಯಾಗಿ ಇಲ್ಲಿ ಕೆಮ್ಮಿನ ಔಷಧಿ ಕಲಕುತ್ತಾ ಕುಳಿತೆ, ನೀನು ನರಶಸ್ತ್ರಚಿಕಿತ್ಸೆ ಕಲಿಯಲು ಮದರಾಸಿಗೆ ಹೋದೆ. ತಲೆಬುರುಡೆಯ ಕೆಲಸಕ್ಕೇ ಹೆಸರು ಬರುವ ಕಾಲದಲ್ಲಿ, ಬೆನ್ನುಮೂಳೆಯೇ ಸಾಕು ಎಂದು ಹಟ ಹಿಡಿದೆ. ಹೆಂಗಸಿನಿಂದ ಇದು ಆಗುವುದಿಲ್ಲ ಎಂದು ನಿಮ್ಮ ಪ್ರೊಫೆಸರ್ ಹೇಳಿದ್ದನ್ನು ನೀನು ಬರೆದಾಗ, ಅವರ ಮಾತು ನಿಜವಾಗಲಿ ಎಂದು ಒಂದು ಗಳಿಗೆ ಆಸೆಪಟ್ಟವಳು ನಾನು. ನಿಜವಾಗಿದ್ದರೆ ಇವರು ಇಂದಿಗೂ ಮಂಚದಲ್ಲೇ ಇರುತ್ತಿದ್ದರು.

ಅದೆಲ್ಲ ಗೊತ್ತುಂಟು. ಆದರೂ ಇವರ ಬೆನ್ನಿನ ಒಳಗನ್ನು ನೋಡಿದವಳು ನೀನು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರುವುದು ಹೊರಗಿನ ಮಚ್ಚೆ ಮಾತ್ರ. ನರ ಪರೀಕ್ಷಿಸಲು ನಾನು ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ, ನೀನು ಬಿಡು, ರಮಾಮಣಿ ನೋಡ್ತಾಳೆ, ಅನ್ನುತ್ತಾರೆ. ನನಗೆ ನನ್ನ ಗಂಡ ವಾಪಸು ಬೇಕು.

ಸಿಟ್ಟಾಗಬೇಡ. ಸಿಟ್ಟಾದರೂ ಚಿಂತೆಯಿಲ್ಲ, ಬರಬೇಡ.

ನಿನ್ನವಳೇ ಆದ
ಸ್ವರ್ಣಲತಾ

ವಿ.ಸೂ.: ಬೆಳಿಗ್ಗೆ ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮಧ್ಯಾಹ್ನ ಇವರ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಉಳಿಯಿತು, ಕಳಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಈಗ ಆ ಪಾದ ಮೇಲೇಳುತ್ತಿಲ್ಲ, ಮೂತ್ರವೂ ಕಟ್ಟಿದೆ. ನಿಮ್ಮ ಆಸ್ಪತ್ರೆಗೆ ಫೋನ್ ತಾಗುತ್ತಿಲ್ಲ. ಪಕ್ಕದ ಮನೆಯ ಬೆಂಜಮಿನ್ ಇದನ್ನು ಹಿಡಿದುಕೊಂಡು ಸ್ಕೂಟರಿನಲ್ಲಿ ಮುಂದೆ ಬರುತ್ತಿದ್ದಾರೆ, ನಾನು ಇವರನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಹಿಂದೆಯೇ ಹೊರಟಿದ್ದೇನೆ. ಮೇಲೆ ಬರೆದದ್ದನ್ನು ಹರಿದು ಬೇರೆ ಚೀಟಿ ಕಳಿಸಬಹುದಿತ್ತು. ಅಷ್ಟನ್ನು ಒಳಗಿಟ್ಟುಕೊಂಡು ಇವರನ್ನು ನಿನ್ನ ಕೈಗೆ ಕೊಡಲು ನನ್ನಿಂದಾಗಲಿಲ್ಲ. ಥಿಯೇಟರ್ ಸಿದ್ಧಮಾಡಿಸು. ನಿನಗಿಂತ ದೊಡ್ಡವರು ತಾವು ಮಾಡುತ್ತೇವೆಂದರೂ ಬಿಡಬೇಡ. ಇವರ ಬೆನ್ನನ್ನು ನೀನೇ ತೆರೆಯಬೇಕು.