ಮೊದಲ ಹನಿ ಹಿರಿಯರಿಗೆ

ಮನಿಲಾ, ಸೋಮವಾರ

ಪ್ರೀತಿಯ ಅಪ್ಪಾ,

ಹೋಟೆಲಿನ ಆಫೀಸಿನಲ್ಲಿದ್ದೇನೆ ಎಂದು ನಾಲ್ಕು ವರ್ಷ ನಿಮಗೆ ಸುಳ್ಳು ಹೇಳಿದೆ. ನಾನಿರುವುದು ಅಲ್ಲಿನ ಬಾರಿನಲ್ಲಿ, ಮದ್ಯ ಬೆರೆಸುವ ಕೆಲಸದಲ್ಲಿ.

ಶನಿವಾರ ಮದ್ಯ ಬೆರೆಸುವ ನಮ್ಮಂಥ ಹೆಂಗಸರ ಗೌರವಕ್ಕೆಂದು ಕಾಕ್‌ಟೇಲ್ ಸಂಜೆ ಇತ್ತು. ಬಂದ ಹಣವೆಲ್ಲ ಇಲ್ಲಿನ ಒಂದು ಹೆರಿಗೆ ಆಸ್ಪತ್ರೆಗೆ. ನಾನು ಬಳಸಿದ್ದು ನೀವು ಮಾಡಿದ ಕಬ್ಬಿನ ಹೆಂಡ. ಬಾಟಲಿ ತೆರೆದವಳೇ ಮನೆಯ ಅಭ್ಯಾಸದಂತೆ ಮೊದಲ ಹನಿಗಳನ್ನು ತೀರಿಹೋದ ಹಿರಿಯರಿಗೆಂದು ನೆಲಕ್ಕೆ ಸುರಿದುಬಿಟ್ಟೆ. ಅಮೃತಶಿಲೆಯ ನೆಲ! ಮ್ಯಾನೇಜರ್ ಕಣ್ಣು ಕೆಕ್ಕರಿಸಿದ.

ಆಗ ಆಸ್ಪತ್ರೆಯ ಪರವಾಗಿ ಬಂದಿದ್ದ ಮುದಿ ಕ್ರೈಸ್ತ ಸನ್ಯಾಸಿನಿಯೊಬ್ಬರು, "ಏಯ್, ನೀನು ವಿಗಾನ್ ಊರಿನ ಫೌಸ್ಟೊ ಮಗಳಲ್ವೇನೇ? ಸುರಿಯೋದು ಥೇಟ್ ಅವನ ಹಾಗೇ!" ಎಂದು ನಕ್ಕರು. ನಿಮ್ಮ ಸೋದರತ್ತೆಯ ಮಗಳು ಬೆನಿಲ್ಡಾ. ಎರಡು ಗ್ಲಾಸು ಮುಗಿಸಿ, "ಬಾರಿನ ವಿಷಯ ಅಪ್ಪನಿಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?" ಎಂದರು.

ಹೇಳಿದ್ದಾಯಿತು. ಎದೆ ಹಗುರಾಗಿದೆ.

ಹೆಂಡ ಖಾಲಿಯಾಗಿದೆ, ಬಸ್ಸಿನಲ್ಲಿ ಒಂದು ಜಾಡಿ ಕಳಿಸಿ. ವಿಳಾಸದಲ್ಲಿ ಆಫೀಸು ಬೇಡ, ಬಾರ್ ಎಂದೇ ಬರೆಯಿರಿ.

ನಿಮ್ಮ ಕೈಯನ್ನು ಹಣೆಗೊತ್ತಿಕೊಳ್ಳುತ್ತಾ,
ಕ್ರಿಸ್ಪಿನಾ