ನಿನ್ನ ಕೋಣೆಯ ನೆಲ

ಸುರಿಮ್,

ಬೆಳಿಗ್ಗೆ ಆರು ಗಂಟೆ. ಸೋರುತ್ತಿರುವುದು ನಿನ್ನ ಕೋಣೆಯ ನೆಲವನ್ನು ಬೆಚ್ಚಗಿಡುವ, ನೆಲದಡಿಯ ಬಿಸಿನೀರಿನ ಪೈಪೇ. ಒಂದೊಂದೇ ಕೋಣೆಯ ವಾಲ್ವ್ ಮುಚ್ಚಿ ನೋಡಿದೆ. ನಿನ್ನದನ್ನು ಮುಚ್ಚಿದಾಗ ಮಾತ್ರ ಬಾಯ್ಲರಿನ ಒತ್ತಡ ಇಳಿಯಲಿಲ್ಲ.

ಕೆಳಮನೆಯ ಓಕ್‌ಬುನ್ ಅಜ್ಜಿಯ ಚಾವಣಿ ನೆನೆದಿದೆ. "ಆ ಕೋಣೇಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ ಕಣಮ್ಮ, ಹೆಜ್ಜೆ ಸದ್ದೇ ಕೇಳ್ಸಲ್ಲ" ಅಂದರು. ಮಗಳಿದ್ದಾಳೆ ಅಂದೆ. ಚಳಿಗಾಲ ಶುರುವಾದ ಮೇಲೆ ನಾನೂ ನಿನ್ನ ಮುಖ ನೋಡಿಲ್ಲ ಅಂತ ಹೇಳಲಿಲ್ಲ.

ಮಧ್ಯಾಹ್ನ ರಿಪೇರಿಯವರು ನೆಲ ಒಡೆಯಲು ಬರುತ್ತಾರೆ. ಬಾಗಿಲು ತೆಗೆ. ಅವರ ಹತ್ತಿರ ನೀನು ಮಾತಾಡಬೇಕಿಲ್ಲ.

ಇವತ್ತು ಊಟದ ತಟ್ಟೆ ನಿನ್ನ ಬಾಗಿಲ ಬಳಿ ಇಟ್ಟಿಲ್ಲ. ಮೂಲಂಗಿ ಸಾರು, ಕಿಮ್ಚಿ ಅಡುಗೆಮನೆಯಲ್ಲಿವೆ.

ಸಿಮೆಂಟು ಒಣಗುವವರೆಗೆ ನಿನ್ನ ನೆಲ ತಣ್ಣಗಿರುತ್ತದೆ. ನನ್ನ ಕೋಣೆಯಲ್ಲಿ ನಿನಗೂ ಹಾಸಿಗೆ ಹಾಸಿದ್ದೇನೆ.

ಅಮ್ಮ