ನೀನು ಓದದೆ ಅಂಟಿಸಿದ ಕಾಗದ

ಡೊಂಬಿವಲಿ ಪೂರ್ವ
ಫೆಬ್ರವರಿ ೨೦೧೫

ಮಾನಸಿಗೆ,

‘ಪ್ರೀತಿಯ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ನಿನ್ನ ಮೆಸೇಜು ಬಂದು ವಾರವಾಯಿತು. ನಿನ್ನ ಮಾವ ದೇಜಪ್ಪನವರಿಗೆ ನಾನು ಕನ್ನಡದಲ್ಲಿ ಒಂದು ಪತ್ರ ಬರೆಯಬೇಕಂತೆ. ಸೀಮಂತದ ದಿನ ನಿನ್ನ ಕುರ್ಚಿಯ ಹಿಂದೆ ಕಟ್ಟಿದ್ದ ಪುಟದಲ್ಲಿ ನನ್ನ ಅಮ್ಮನ ಉತ್ತರಕ್ರಿಯೆಯ ಕಾಗದ ಇದ್ದದ್ದು ತಿಳಿಯದೆ ಆದದ್ದಲ್ಲ, ಸಾಕಿದವಳ ಆಶೀರ್ವಾದ ಇರಲಿ ಎಂದು ನೀನೇ ಹಾಕಿದ್ದು ಎಂದು ಬರೆಯಬೇಕು. ಸತ್ತವಳು ನನ್ನ ಅಮ್ಮನಾದ್ದರಿಂದ ನನ್ನ ಮಾತನ್ನು ಅವರು ನಂಬುತ್ತಾರೆ. ನಂಬಿದರೆ ನಿನ್ನನ್ನೂ ಮಗುವನ್ನೂ ಐರೋಲಿಯ ಮನೆಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲವಾದರೆ ನೀನು ಠಾಣೆಯ ವರ್ತಕ ನಗರದ ತವರಿನಲ್ಲಿ ಬಾಗಿಲು ನೋಡುತ್ತಾ ಕೂರಬೇಕು. ಕೊನೆಗೆ ಮರಾಠಿಯಲ್ಲಿ ಒಂದು ಸಾಲು ಕೇಳಿದ್ದೀಯ, “ತುಲಾ ಮಾಹೀತ್ ಹೋತಂ ನಾ?” ನಿನಗೆ ಗೊತ್ತಿತ್ತು ತಾನೇ ಎಂದು. ಗೊತ್ತಿತ್ತು. ಮೊದಲು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ, ಪತ್ರದ ವಿಷಯ ಆಮೇಲೆ.

ನಿನ್ನ ಅಪ್ಪ ಅಮ್ಮ ವಾಗ್ಳೆ ಎಸ್ಟೇಟಿನ ಕ್ಯಾಂಟೀನಿಗೆ ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದರು. ನೀನು ನಿದ್ದೆಗಣ್ಣಿನಲ್ಲೇ ಎದುರು ಬಾಗಿಲಿನ ನಮ್ಮ ಮನೆಗೆ ಬಂದು ಬೀಳುತ್ತಿದ್ದೆ. ನಿನಗೆ ಗಂಜಿ ಬಡಿಸಿದವಳು, ಹೇನು ತೆಗೆದವಳು, ಮೊದಲ ಸಲ ಮುಟ್ಟಾಗಿ ನೀನು ಅಳುತ್ತಾ ಬಂದಾಗ ಬಾಗಿಲು ಹಾಕಿಕೊಂಡು ಎಲ್ಲ ಹೇಳಿಕೊಟ್ಟವಳು ಅಮ್ಮ. ನೀನೂ ಅವಳನ್ನು ಅಮ್ಮ ಎಂದೇ ಕರೆದೆ. ಹೊಸ ಬಟ್ಟೆ ತಂದರೆ ಎರಡು ಜೊತೆ ತರುತ್ತಿದ್ದಳು, ಮೊದಲು ಆರಿಸುವ ಹಕ್ಕು ನಿನ್ನದು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ನೀನು ಇಂಗ್ಲಿಷ್ ಶಾಲೆಗೆ ಹೋದೆ, ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ. ನನ್ನ ಪಠ್ಯಪುಸ್ತಕ ತಲೆಕೆಳಗೆ ಹಿಡಿದು “ಎಲ್ಲ ಜಿಲೇಬಿ” ಎಂದು ನೀನು ನಗುವಾಗ ಅಮ್ಮನೂ ನಗುತ್ತಿದ್ದಳು. ನಿನ್ನ ಮೇಲೆ ಅವಳಿಗೆ ಸಿಟ್ಟು ಬರುತ್ತಲೇ ಇರಲಿಲ್ಲ.

ಈ ಸ್ಕ್ರ್ಯಾಪ್‌ಬುಕ್ ಹುಚ್ಚು ಹಿಡಿಸಿದವಳು ನೀನು. ನಮ್ಮ ಸಂಸಾರ ಆಗಲೇ ಡೊಂಬಿವಲಿಗೆ ಬಂದಾಗಿತ್ತು, ನನಗೆ ಇಲ್ಲಿನ ಪೆಥಾಲಜಿ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವ ಕೆಲಸ. ಭಾನುವಾರ ಸ್ಲೋ ಲೋಕಲ್ ಹಿಡಿದು ಠಾಣೆಗೆ ಬಂದರೆ ನಿನ್ನ ಮನೆಯ ನೆಲದ ತುಂಬ ಹೂವಿನ ಕಾಗದ, ರಿಬ್ಬನ್ನು, ಗುಂಡಿ, ಕತ್ತರಿ. ಫೋಟೋವನ್ನು ಇವೆಲ್ಲದರ ಜೊತೆ ಅಂಟಿಸಿ ಒಂದು ಪುಟ ಕಟ್ಟುವುದು, ಪಕ್ಕದಲ್ಲಿ ನೆನಪಿನ ನಾಲ್ಕು ಸಾಲು ಬರೆಯುವುದು. ನನಗೆ ಮೊದಮೊದಲು ಏನೂ ಹೊಳೆಯುತ್ತಿರಲಿಲ್ಲ. ಆಗ ನೀನು ಕಂಪ್ಯೂಟರಿನಲ್ಲಿ ಆ ಬ್ಲಾಗು ತೋರಿಸಿದೆ. ಪುಣೆಯ, ನವಿ ಮುಂಬಯಿಯ, ದುಬೈನ ಹೆಂಗಸರು ಸೇರಿ ನಡೆಸುತ್ತಿದ್ದದ್ದು. ತಿಂಗಳಿಗೊಂದು ಚಾಲೆಂಜು. ಮುಖ ಕಾಣದ ಒಂದು ಫೋಟೋ, ತುಕ್ಕಿನ ಬಣ್ಣ, ಒಂದು ದಾರ, ಇಷ್ಟರಲ್ಲೇ ಪುಟ ಮಾಡು ಎನ್ನುತ್ತಿದ್ದರು. ಏನು ಬೇಕಾದರೂ ಮಾಡು ಎಂದರೆ ಓಡದ ನನ್ನ ಕೈ, ಇಷ್ಟರಲ್ಲೇ ಮಾಡು ಎಂದಾಗ ಓಡಿತು. ಅಮ್ಮ ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕಡುಬಿನ ಕೊಟ್ಟೆ ಕಟ್ಟುತ್ತಿದ್ದಳಲ್ಲ, ಆ ಎರಡು ಕೈಗಳನ್ನು ಮಾತ್ರ ಫೋಟೋದಲ್ಲಿ ಹಿಡಿದೆ. ಒಣಗಿದ ಎಲೆಯದ್ದೇ ತುಕ್ಕಿನ ಬಣ್ಣ. ಬಹುಮಾನ ಬಂತು. ಅಂದು ನೀನು ನನ್ನನ್ನು ತಬ್ಬಿಕೊಂಡು ಕುಣಿದೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಭಾನುವಾರಗಳು ಆಮೇಲೆ ಬರಲಿಲ್ಲ.

ನೀನು ಲತೇಶನನ್ನು ಮದುವೆಯಾಗಿ ಐರೋಲಿಗೆ ಹೋದೆ. ಮರುವರ್ಷ ಅಮ್ಮ ಹೋದಳು. ನೀನು ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ, ಲತೇಶನಿಗೆ ಜ್ವರ, ಈಗ ಹೊರಡಲಾಗದು ಎಂದೆ. “ಬೊಜ್ಜದ ದಿನ ಹೇಳು ಜಯಾ, ಬಂದೇ ಬರ್ತೇನೆ” ಎಂದೆ. ನನ್ನ ತಮ್ಮ ಯತಿನ್ ಆ ಉತ್ತರಕ್ರಿಯೆಯ ಕಾಗದ ಅಚ್ಚು ಹಾಕಿಸಿದ. ಒಳ್ಳೆಯ ಫೋಟೋ ಬೇಗ ಸಿಗಲಿಲ್ಲವೆಂದು ಬರೀ ಅಕ್ಷರ, ಸುತ್ತ ಬಳ್ಳಿಯ ಅಂಚು. ನಿನ್ನ ವಿಳಾಸವನ್ನು ನಾನೇ ಇಂಗ್ಲಿಷಿನಲ್ಲಿ ಬರೆದು ಅಂಚೆಗೆ ಹಾಕಿದೆ. ನಿನ್ನ ಅತ್ತೆ ಮಾವ ಓದಿ ಹೇಳುತ್ತಾರೆ ಎಂದುಕೊಂಡು ಬೇರೆ ಫೋನು ಮಾಡಲಿಲ್ಲ. ಬೊಜ್ಜದ ದಿನ ಅಮ್ಮನಿಗೆಂದು ಎಲೆ ಹಾಕಿ ಬಡಿಸುವಾಗ ಹುರಿದ ಬಂಗುಡೆ ಮೀನನ್ನು ನಿನ್ನ ಕೈಯಲ್ಲೇ ಬಡಿಸಬೇಕೆಂದು ನಾನು ಎಲ್ಲರನ್ನೂ ಕಾಯಿಸಿದೆ. ಅನ್ನ ಆರಿತು. ಹಿರಿಯರು ಗೊಣಗಿದರು. ಕೊನೆಗೆ ಯತಿನನ ಹೆಂಡತಿ ಬಡಿಸಿದಳು.

ಎಷ್ಟೋ ದಿನ ಕಳೆದು ನೀನು ಫೋನು ಮಾಡಿದೆ. “ಡೇಟ್ ನಂಗೆ ಯಾರೂ ಹೇಳ್ಲೇ ಇಲ್ಲ” ಎಂದೆ. ನಾನು ನಂಬಿದೆ. ಅಂಚೆಯಲ್ಲಿ ಕಳೆದಿರಬೇಕು ಎಂದುಕೊಂಡೆ, ಪೋಸ್ಟ್ ಆಫೀಸಿಗೆ ಹೋಗಿ ಜಗಳವಾಡಿದೆ. ಅವಳಿಗೆ ಸಿಕ್ಕಿರುತ್ತದೆ, ಬರುವ ಮನಸ್ಸಿರಲಿಲ್ಲ ಎಂದು ಯತಿನ್ ಹೇಳಿದಾಗ ಅವನ ಜೊತೆ ಮಾತು ಬಿಟ್ಟೆ. ಒಡಹುಟ್ಟಿದವನನ್ನು ದೂರ ಮಾಡಿಕೊಂಡು ನಿನ್ನ ಪರ ನಿಂತ ದಡ್ಡಿ ನಾನು.

ಹೋದ ವರ್ಷ ಬ್ಲಾಗಿನವರು ನನ್ನನ್ನು ತೀರ್ಪು ಕೊಡುವ ಗುಂಪಿಗೆ ಸೇರಿಸಿಕೊಂಡರು. ಒಂದು ಚಾಲೆಂಜು ಸೂಚಿಸು ಎಂದಾಗ ನಾನು ಹೇಳಿದ್ದು ಮಾತೃಭಾಷೆ. ಹಿನ್ನೆಲೆಗೆ ನಿಮ್ಮ ನಿಮ್ಮ ಭಾಷೆಯ ಒಂದು ಅಚ್ಚಾದ ಕಾಗದ ಬಳಸಿ ಎಂದು. ಇದರಲ್ಲಿ ಬಲೆಯೇನೂ ಇರಲಿಲ್ಲ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಆ ಇಂಗ್ಲಿಷ್ ಪುಟಗಳ ನಡುವೆ ನನ್ನ ಜಿಲೇಬಿಗಳನ್ನೂ ನೋಡಬೇಕೆಂಬ ಆಸೆಯಿತ್ತು, ಅಷ್ಟೇ.

ಚಾಲೆಂಜಿಗೆ ಕಳಿಸುವ ಮೊದಲು ನೀನು ನಿನ್ನ ಪುಟದ ಫೋಟೋ ತೆಗೆದು ನನಗೆ ಹಾಕಿದೆ. ಗುಲಾಬಿ ಬಣ್ಣ, ಮಗುವಿನ ತಳ್ಳುಗಾಡಿ, ಪುಟ್ಟ ಗುಂಡಿಗಳು, ನಡುವೆ ಸೋನೋಗ್ರಫಿಯ ಚಿತ್ರ. ಅದರ ಹಿಂದೆ ಅಕ್ಷರಗಳು. ನಾನು ಲ್ಯಾಬಿನಲ್ಲಿ ಚಹಾ ಕುಡಿಯುತ್ತಿದ್ದೆ. ಓದು ಬರುವವರಿಗೆ ಓದದೆ ಇರಲು ಆಗುವುದಿಲ್ಲ, ಮಾನಸಿ, ಕಣ್ಣು ತಾನೇ ಓದಿಬಿಡುತ್ತದೆ. “ನಮ್ಮ ಮಾತೃಶ್ರೀಯವರಾದ ಶ್ರೀಮತಿ ಅಪ್ಪಿ ಪೂಜಾರ್ತಿಯವರು ದೈವಾಧೀನರಾದ ವಿಷಯ” ಎಂಬ ಸಾಲಿನ ಕೊನೆಗೆ ಹಳದಿ ಬಾತುಕೋಳಿಯ ಸ್ಟಿಕರು. ನಿನ್ನ ಹೊಟ್ಟೆಯ ಮಗುವಿನ ಕೆಳಗೆ “ಮೃತರ ಆತ್ಮದ ಸದ್ಗತಿಗಾಗಿ”. ಬಳ್ಳಿಯ ಅಂಚನ್ನು ನೀನು ಪೂರ್ತಿ ಕಾಣುವಂತೆ ಬಿಟ್ಟಿದ್ದೆ. ಅದರ ಮೇಲೆ ಕಂದು ಶಾಯಿ ಒತ್ತಿ ಹಳೆಯದರಂತೆ ಮಾಡಿದ್ದೆ.

ಅಂದರೆ ಕಾಗದ ನಿನಗೆ ಮುಟ್ಟಿತ್ತು. ಅಂಚು ಚೆಂದವಿದೆ ಎಂದು ನೋಡಿದೆ, ಬಣ್ಣದ ಕಾಗದಗಳ ಡಬ್ಬಿಗೆ ಹಾಕಿದೆ. ಏನಿದು ಎಂದು ಕೇಳಲು ಅದೇ ಮನೆಯಲ್ಲಿ ಅತ್ತೆ ಇದ್ದರು, ಮಾವ ಇದ್ದರು. ನಾನೊಬ್ಬಳು ಫೋನಿನ ತುದಿಯಲ್ಲಿದ್ದೆ. ಬೊಜ್ಜ ಮುಗಿದ ಮೇಲೆ ನಮ್ಮವರು ಆ ಕಾಗದವನ್ನು ಹರಿದು ಹೊರಗೆ ಹಾಕುತ್ತಾರೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ನೀನು ನನ್ನ ಅಮ್ಮನ ಸಾವನ್ನು ರಿಬ್ಬನ್ನಿನ ಜೊತೆ ಇಟ್ಟುಕೊಂಡು, ಚಾಲೆಂಜು ಬಂದ ದಿನ ತೆಗೆದು ಅಂಟಿಸಿದೆ. ಫೋಟೋದ ಕೆಳಗೆ ನನ್ನನ್ನು ಕೇಳಿದ್ದೆ, “ಎಡ್ಜಸ್ ಜಾಸ್ತಿ ಡಾರ್ಕ್ ಆಯ್ತಾ?”

ಇಲ್ಲ, ಸರಿಯಾಗಿದೆ ಎಂದು ಬರೆದೆ. ನೀನು ಕೇಳಿದ್ದು ಅಂಚಿನ ವಿಷಯ, ನಾನು ಹೇಳಿದ್ದೂ ಅಂಚಿನ ವಿಷಯ.

ಮೊದಲ ಬಹುಮಾನಕ್ಕೆ ನಿನ್ನ ಪುಟವನ್ನು ಹೆಸರಿಸಿದವಳೂ ನಾನೇ. ಉಳಿದವರು ಒಪ್ಪಿದರು. ಎಂಥ ಮುದ್ದಾದ ದುಂಡು ಲಿಪಿ ಎಂದು ಹೊಗಳಿದರು. ಅಷ್ಟು ಜನರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳು. ಅಕ್ಷರಗಳೇ ಎಲ್ಲವನ್ನೂ ಹೇಳುತ್ತವೆ ಎಂದು ಕೆಳಗೆ ಬರೆದೆ. ನೀನು ಕೆಂಪು ಹೃದಯಗಳನ್ನು ಕಳಿಸಿದೆ. ಆಮೇಲೆ ನೀನೇ ಫೋನು ಮಾಡಿ, ಸೀಮಂತಕ್ಕೆ ಅದನ್ನೇ ದೊಡ್ಡ ಫ್ಲೆಕ್ಸ್ ಮಾಡಿಸುತ್ತೇನೆ, ಮಾವನಿಗೆ ಕನ್ನಡವೆಂದರೆ ಪ್ರಾಣ, ಅವರಿಗೆ ಸರ್‌ಪ್ರೈಸ್ ಎಂದೆ. ಆಗ ಬಾಯಿ ತೆರೆಯಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಬಂಗುಡೆ ಬಡಿಸಲು ಬಾರದವಳಿಗೆ ಫ್ಲೆಕ್ಸ್ ಮಾಡಿಸಲು ಪುರುಸೊತ್ತು ಇದೆಯಲ್ಲ ಅನ್ನಿಸಿತು. ಚೆನ್ನಾಗಿ ಮಾಡಿಸು, ದೊಡ್ಡದಾಗಿ ಮಾಡಿಸು ಎಂದೆ.

ಸೀಮಂತದ ದಿನ ಸಭಾಂಗಣಕ್ಕೆ ನಾನು ಬೇಗ ಬಂದು ಮುಂದಿನ ಸಾಲಿನಲ್ಲಿ ಕೂತೆ. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಊರಿನಿಂದ ಬಂದ ಮಲ್ಲಿಗೆ. ನೀನು ಚೆಂದ ಕಾಣುತ್ತಿದ್ದೆ. ಮಾವ ಬಂದರು, ನಿನ್ನ ಹಿಂದೆ ಕನ್ನಡ ಕಂಡು ಅವರ ಮುಖ ಅರಳಿತು. “ನೋಡಿ, ನೋಡಿ, ನಮ್ಮ ಸೊಸೆ ಕನ್ನಡ ಹಾಕಿಸಿದ್ದಾಳೆ” ಎಂದು ತಮ್ಮ ಹೋಟೆಲಿನ ಗೆಳೆಯರನ್ನೆಲ್ಲ ಕರೆದರು. ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಲು ಶುರು ಮಾಡಿದರು. ಬಾತುಕೋಳಿಯವರೆಗೆ ಬರುವಾಗ ಧ್ವನಿ ಸಣ್ಣದಾಯಿತು. ಮುಂದಿನ ಸಾಲನ್ನು ಬಾಯಿ ಬಿಡದೆ ಓದಿಕೊಂಡರು. ಮಲ್ಲಿಗೆ ಮುಡಿಸುತ್ತಿದ್ದ ಹೆಂಗಸರು ಕೈ ತೆಗೆದರು. ಲತೇಶ ನಗುತ್ತಾ, “ಕೋನ್ ಪಢ್ತಾ ಹೈ ಪಪ್ಪಾ, ಡಿಸೈನ್ ಹೈ” ಎಂದ. ಯಾರು ಓದುತ್ತಾರಂತೆ. ಅಲ್ಲಿದ್ದ ಅರ್ಧ ಜನ ಓದಿಯಾಗಿತ್ತು.

ಯಾರೋ ನನ್ನ ಕಡೆ ತಿರುಗಿ, ಇದು ನಿಮ್ಮ ತಾಯಿಯ ಹೆಸರಲ್ಲವೇ ಎಂದು ಕೇಳಿದರು. ಹೌದು ಎಂದೆ. ನೀನು ನನ್ನನ್ನು ನೋಡಿದೆ, ಏನಾಯಿತೆಂದು ನಿನಗೆ ಇನ್ನೂ ತಿಳಿದಿರಲಿಲ್ಲ. ತಿಳಿಸಿಕೊಟ್ಟವರು ನಿನ್ನ ಅತ್ತೆ. “ಹೊಟ್ಟೆಯಲ್ಲಿರುವ ಮಗುವಿಗೆ ಬೊಜ್ಜದ ಕಾಗದ ಅಂಟಿಸಿದವಳು ನೀನು. ನಿನ್ನ ಕೈಯಲ್ಲಿ ಮಗುವನ್ನು ಹೇಗೆ ಕೊಡುದು ಮಾರಾಯ್ತಿ?” ಎಂದರು. ಕೂಗಲಿಲ್ಲ, ಮೆಲ್ಲಗೇ ಹೇಳಿದರು. ನಾನು ಕೂತಲ್ಲೇ ಇದ್ದೆ. ನಿನ್ನ ಮುಖ ಬಿಳುಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ. ಹಿತವಾಯಿತು. ಲೋಕಲಿನಲ್ಲಿ ವಾಪಸು ಬರುತ್ತಾ ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಅಳು ಬಂತು. ಅದು ನಿನಗಾಗಿ ಬಂದ ಅಳು ಎಂದು ತಿಳಿಯಬೇಡ. ಅಮ್ಮ ಹೋದಾಗ ಕಾರ್ಯದ ಗಡಿಬಿಡಿಯಲ್ಲಿ ಅಳಲು ಬಿಡುವಾಗಿರಲಿಲ್ಲ.

ಈಗ ನೀನು ಕೇಳಿದ ಪತ್ರದ ಮಾತು. ಸಾಕಿದ ತಾಯಿಯ ಆಶೀರ್ವಾದ ಎಂಬ ನಿನ್ನ ಸುಳ್ಳು ಬಹಳ ಚೆನ್ನಾಗಿದೆ. ನಾಲ್ಕು ಸಲ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ನಾನೇ ನಂಬಿಬಿಡುವ ಹಾಗಿತ್ತು, ಏಕೆಂದರೆ ಅದು ನಿಜವಾಗಿರಬೇಕಾಗಿತ್ತು. ಅಮ್ಮನ ಹೆಸರು ಅದರಲ್ಲಿದೆ ಎಂದು ಗೊತ್ತಿದ್ದು, ಗೌರವದಿಂದ ನೀನು ಅದನ್ನು ಹಾಕಿದ್ದಿದ್ದರೆ, ಬೊಜ್ಜದ ಕಾಗದವಾದರೂ ಸರಿ, ನಿನ್ನ ಮಾವನ ಕಾಲು ಹಿಡಿದಾದರೂ ನಿನ್ನನ್ನು ಮನೆ ಸೇರಿಸುತ್ತಿದ್ದೆ. ಆದರೆ ನೀನು ಅವಳನ್ನು ಓದಲೇ ಇಲ್ಲ. ಓದದವಳ ಪರವಾಗಿ ಅಮ್ಮನ ಹೆಸರಿನಲ್ಲಿ ನಾನು ಸುಳ್ಳು ಬರೆಯಲಾರೆ.

ನಿಜವನ್ನು ಬರೆದರೆ ಅದರಿಂದ ನಿನ್ನ ಮಗುವಾದರೂ ಉಳಿಯುತ್ತದೆ. ಐರೋಲಿಯವರು ಹೆದರಿರುವುದು ಅಪಶಕುನಕ್ಕೆ. ಮಗುವನ್ನು ಎತ್ತಿಕೊಳ್ಳಲೂ ಅವರ ಕೈ ಹಿಂಜರಿಯುತ್ತಿರುವುದು ಅದಕ್ಕೇ. ಇದರಲ್ಲಿ ಶಕುನವೂ ಇಲ್ಲ, ಮಾಟವೂ ಇಲ್ಲ. ಮನೆಗೆ ಬಂದ ಕಾಗದವನ್ನು ಓದಿಸಿಕೊಳ್ಳುವ ಗೋಜಿಗೆ ಹೋಗದ ಒಬ್ಬಳ ಅಸಡ್ಡೆ, ನೋಡಿಯೂ ಸುಮ್ಮನಿದ್ದ ಇನ್ನೊಬ್ಬಳ ಹಗೆ, ಇಷ್ಟೇ. ಅಪ್ಪಿ ಪೂಜಾರ್ತಿ ಬದುಕಿದ್ದಾಗ ಯಾರ ಮಗುವಿಗೂ ಕೆಡುಕು ಬಯಸಿದವಳಲ್ಲ, ಸತ್ತ ಮೇಲೆ ಬಯಸುವುದೂ ಇಲ್ಲ. ಇದು ತಿಳಿದರೆ ಅವರಿಗೆ ಮಗುವಿನ ಬಗೆಗಿನ ಹೆದರಿಕೆ ಹೋಗುತ್ತದೆ. ಸಿಟ್ಟು ಮಾತ್ರ ಉಳಿಯುತ್ತದೆ, ಅದು ಯಾರ ಮೇಲೆಂಬುದು ಅವರಿಗೆ ಬಿಟ್ಟದ್ದು. ನನ್ನ ಮೇಲೂ ಬರಲಿ, ನಾನು ಆ ಮನೆಯ ಸೊಸೆಯಲ್ಲ.

ಅದಕ್ಕೇ ಪತ್ರ ನಿನಗೆ ಬರೆದಿದ್ದೇನೆ, ಕಳಿಸುವುದು ಐರೋಲಿಗೆ. ಲಕೋಟೆಯ ಮೇಲೆ ದೇಜಪ್ಪನವರ ಹೆಸರಿದೆ. ಹೇಗೂ ಇಷ್ಟು ಕನ್ನಡ ನಿನಗೆ ಯಾರಾದರೂ ಓದಿಯೇ ಹೇಳಬೇಕು, ಅವರೇ ಓದಿ ಹೇಳಲಿ. ಅವರು ಬಂದು ಮಗುವಿನ ಜೊತೆ ನೀನೂ ಹೊರಡು ಎಂದರೆ ಹೊರಡು. ಮಗುವನ್ನು ಮಾತ್ರ ಎತ್ತಿಕೊಂಡರೆ, ಇದನ್ನು ಪೂರ್ತಿ ಓದಿಯಾಗಿದೆ ಎಂದು ತಿಳಿ.

ಮಗು ನೂರು ಕಾಲ ಬಾಳಲಿ. ನಿನ್ನನ್ನು ಹರಸಬೇಕಾದವಳು ಬದುಕಿಲ್ಲ.

ಇಂತು,
ಅಪ್ಪಿ ಪೂಜಾರ್ತಿಯ ಒಬ್ಬಳೇ ಮಗಳು,
ಜಯಲತಾ